ಸಹಿ ಹಾಕುವ ಮುಂಚೆ ಬಂದ ನರ್ಸ್

ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಅವರು ಎಂಟು ವರ್ಷದಿಂದ ನರ್ಸ್. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮಾಸ್ಟರ್ಸ್ ಓದಿ ನರ್ಸ್ ಪ್ರಾಕ್ಟೀಷನರ್ (ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆದುಕೊಡಬಲ್ಲ, ಹೆಚ್ಚಿನ ತರಬೇತಿ ಪಡೆದ ನರ್ಸ್) ಆಗುವ ಆಸೆ. ಫೀಸಿಗೆ ಆಸ್ಪತ್ರೆಯೇ ನೆರವು ಕೊಡುತ್ತದೆ. ಒಪ್ಪಂದದ ಕಾಗದ ಕೈಗೆ ಬಂದು ಮೂರು ವಾರವಾದರೂ ಸಹಿ ಹಾಕಲು ಆಗಿರಲಿಲ್ಲ. "ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ನನಗ್ಯಾಕೆ ಇಷ್ಟು ಸಂಕಟ?" ಎನ್ನುತ್ತಾ ಸಲಹೆಗೆ ನನ್ನ ಬಳಿ ಬಂದರು.

ಆ ಕಾಗದವನ್ನು ಇಬ್ಬರೂ ಕೂತು ಓದಿದೆವು. ಕೋರ್ಸ್ ಮುಗಿದ ಮೇಲೆ ಎರಡು ವರ್ಷ ಅಲ್ಲೇ ದುಡಿಯಬೇಕು. ಮೊದಲೇ ಬಿಟ್ಟರೆ ಹಣ ವಾಪಸ್ ಕಟ್ಟಬೇಕು. ಆದರೆ ಅವರು ಓದಲು ಹೊರಟಿದ್ದೇ ತಾವಿದ್ದ ವಾರ್ಡಿನ ರಾತ್ರಿ ಪಾಳಿಯಿಂದ ಬಿಡಿಸಿಕೊಳ್ಳಲು, ಅಲ್ವಾ? "ನಾಳೆಯೇ ವಾರ್ಡ್ ಬದಲಾದರೆ ಆಗಲೂ ಓದುತ್ತೀರಾ?" ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಓದುತ್ತೇನೆ" ಎಂದಾಗ ಕಣ್ಣು ತುಂಬಿತ್ತು. ಓದುವ ಆಸೆ ನಿಜವಾದದ್ದು, ಸುಸ್ತೂ ನಿಜವಾದದ್ದು. ಎರಡನ್ನೂ ಬೇರೆ ಬೇರೆ ನೋಡಬೇಕಿತ್ತು.

ನನ್ನ ಸಲಹೆ ಹೀಗಿತ್ತು. ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಿ: ಆ ಎರಡು ವರ್ಷ ಇದೇ ವಾರ್ಡಿನಲ್ಲೇ ಇರಬೇಕಾ? ಅರ್ಧಕ್ಕೆ ಬಿಟ್ಟರೆ ಪೂರ್ತಿ ಹಣವಾ, ಉಳಿದ ತಿಂಗಳುಗಳ ಲೆಕ್ಕವಾ? ಆಸ್ಪತ್ರೆಯೇ ಕೆಲಸದಿಂದ ತೆಗೆದರೆ ಏನು? ಫುಲ್ ಟೈಮ್ ಇಲ್ಲದಿದ್ದರೂ ನೆರವು ಇರುತ್ತದಾ? ಈ ಕೊನೆಯ ಪ್ರಶ್ನೆಯನ್ನು ತುಂಬಾ ಜನ ಮರೆಯುತ್ತಾರೆ. ಇಂಥ ಕೋರ್ಸ್‌ಗಳಲ್ಲಿ ರೋಗಿಗಳ ನಡುವೆಯೇ ಕಲಿಯುವ ಕ್ಲಿನಿಕಲ್ ತರಬೇತಿ ನೂರಾರು ಗಂಟೆ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ. ಆಗ ಡ್ಯೂಟಿ ಕಡಿಮೆ ಮಾಡಲೇಬೇಕಾಗುತ್ತದೆ. ಫೀಸಿಗಿಂತ ಜಾಸ್ತಿ ಕಾಡುವುದು ಈ ಸಮಯದ ಕೊರತೆಯೇ.

ತೆರಿಗೆಯ ಮಾತೂ ಬಂತು. ಕೆಲಸ ಕೊಟ್ಟವರು ಓದಿಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಅದು 1986ರಲ್ಲಿ ಇಟ್ಟ ಮಿತಿ. ಅದಕ್ಕಿಂತ ಮೇಲಿನದ್ದು ಸಾಮಾನ್ಯವಾಗಿ ಸಂಬಳಕ್ಕೆ ಸೇರಿ ತೆರಿಗೆಗೆ ಬರುತ್ತದೆ. ಜನವರಿಯಿಂದ ಹೊಸ ಲೆಕ್ಕ ಶುರುವಾಗುವುದರಿಂದ, ಕಡಿಮೆ ವಿಷಯ ತೆಗೆದುಕೊಂಡು ಓದನ್ನು ಜಾಸ್ತಿ ವರ್ಷಗಳಿಗೆ ಹರಡಿದರೆ ಹೊರೆ ಇಳಿಯುತ್ತದೆ ಎಂದೆ. ನಿಧಾನ ಆದರೆ ತಪ್ಪೇನೂ ಇಲ್ಲ.

ಒಂದು ಮಾತನ್ನು ಎರಡು ಸಲ ಹೇಳಿದೆ: ಈ ಹಣ ಯಾರೂ ಮಾಡುವ ಉಪಕಾರವಲ್ಲ. ನಿಮ್ಮ ದುಡಿಮೆಯನ್ನು ನಂಬಿ ಕೊಡುವ ಹಣ. ಮ್ಯಾನೇಜರ್ ಮುಂದೆ ತಲೆ ತಗ್ಗಿಸಬೇಕಿಲ್ಲ, ರಾತ್ರಿ ಪಾಳಿ ಆಗುತ್ತಿಲ್ಲ ಎಂದು ಈಗಲೂ ಹೇಳಬಹುದು.

ಮುಂದಿನ ತಿಂಗಳು ಬಂದಾಗ ಉತ್ತರ ತಂದಿದ್ದರು. ಯಾವ ವಿಭಾಗದಲ್ಲಿ ದುಡಿದರೂ ಆಗುತ್ತದೆ, ಕಟ್ಟಬೇಕಾದ ಮೊತ್ತ ತಿಂಗಳು ತಿಂಗಳೂ ಇಳಿಯುತ್ತದೆ. ಹಗಲು ಪಾಳಿಗೆ ಅರ್ಜಿ ಹಾಕಿ, ಆಮೇಲೆ ಕಾಗದಕ್ಕೆ ಸಹಿ ಮಾಡಿದ್ದರು. ಈ ಸೆಮಿಸ್ಟರ್‌ಗೆ ಒಂದೇ ವಿಷಯ.