ಐರ್ಲೆಂಡಿನ ಮೇಲ್ಮನೇಲಿ ಸದಸ್ಯರು ಚರ್ಚೆ ಕೇಳಿದ್ರೆ, ಲೀಡರ್ ಕೊಡೋ "ಮಂತ್ರಿಗಳನ್ನ ಕೇಳ್ತೀನಿ" ಅನ್ನೋ ಉತ್ತರಕ್ಕೆ ಬೆಲೆ ಇದ್ಯಾ?

ಇದೆ, ಆದ್ರೆ ಅದು ಭರವಸೆ ಅಲ್ಲ ಅಂತ ತಿಳ್ಕೊಂಡ್ರೆ ಮಾತ್ರ. ನಾನಿರೋದು ಡಬ್ಲಿನ್‌ನಲ್ಲಿ, ಶನದ್ ಅಂದ್ರೆ ಇಲ್ಲಿನ ಮೇಲ್ಮನೆ, ಅದರ ಕಲಾಪ ಟೀವೀಲಿ ಬಂದಾಗೆಲ್ಲ ಕೂತು ನೋಡ್ತೀನಿ.

ಒಟ್ಟು 60 ಸದಸ್ಯರು. ಶುರುವಲ್ಲಿ ಆರ್ಡರ್ ಆಫ್ ಬಿಸಿನೆಸ್ ಅಂತ ಇರುತ್ತೆ, ಲೀಡರ್ ಅಂದ್ರೆ ಸಭಾನಾಯಕರು ಇವತ್ತು ಏನೇನು ಅಂತ ಓದ್ತಾರೆ, ಆಮೇಲೆ ಒಬ್ಬೊಬ್ರೇ ಎದ್ದು ನಮ್ಮೂರ ಆಸ್ಪತ್ರೇಲಿ ಡಾಕ್ಟರ್ ಇಲ್ಲ, ಬಾಡಿಗೆ ಕಟ್ಟೋಕಾಗ್ತಿಲ್ಲ, ಇದರ ಮೇಲೆ ಚರ್ಚೆ ಇಡಿ ಅಂತಾರೆ, ಕೊನೇಲಿ ಲೀಡರ್ ಎದ್ದು ಒಬ್ಬೊಬ್ರ ಹೆಸರು ಹೇಳಿ ಉತ್ತರ ಕೊಡ್ತಾರೆ. ಈ ಹೆಸರು ಹಿಡಿದು ಉತ್ತರ ಕೊಡೋ ಪದ್ಧತಿ ನಂಗೆ ತುಂಬಾ ಇಷ್ಟ, ಕೇಳಿದವರನ್ನ ಯಾರೂ ಕೇಳಿಸ್ಕೊಂಡೇ ಇಲ್ಲ ಅಂತ ಆಗಲ್ಲ.

ತೊಂದರೆ ಎಲ್ಲಿ ಅಂದ್ರೆ, ಸಂವಿಧಾನದ ಪ್ರಕಾರ ಸರ್ಕಾರ ಉತ್ತರ ಕೊಡಬೇಕಾಗಿರೋದು ಕೆಳಮನೆಗೆ ಮಾತ್ರ. ಮಂತ್ರಿಗೆ ಎರಡೂ ಮನೇಲಿ ಬಂದು ಮಾತಾಡೋ ಹಕ್ಕಿದೆ, ಆದ್ರೆ ಮೇಲ್ಮನೆಗೆ ಬರಲೇಬೇಕು ಅನ್ನೋ ಕಟ್ಟುಪಾಡಿಲ್ಲ. ಹಾಗಾಗಿ ಲೀಡರ್ ಕೇಳ್ಬಹುದು ಅಷ್ಟೇ, ಎಳ್ಕೊಂಡು ಬರೋಕಾಗಲ್ಲ.

ಗಟ್ಟಿ ದಾರಿ ಬೇರೆ ಇದೆ. ಆರ್ಡರ್ ಆಫ್ ಬಿಸಿನೆಸ್‌ಗೇ ತಿದ್ದುಪಡಿ ತರೋದು, ಅಂದ್ರೆ ಮಂತ್ರಿ ಇವತ್ತೇ ಬಂದು ಈ ವಿಷಯಕ್ಕೆ ಉತ್ತರ ಕೊಡಲಿ ಅಂತ. ಇನ್ನೊಬ್ರು ಅನುಮೋದಿಸಬೇಕು, ಲೀಡರ್ ಒಪ್ಪದಿದ್ರೆ ವೋಟಿಗೆ ಹಾಕಬಹುದು. 11 ಜನರನ್ನ ಪ್ರಧಾನಿನೇ ನೇಮಕ ಮಾಡೋದ್ರಿಂದ (ನಮ್ಮ ರಾಜ್ಯಸಭೆಯ 12 ನಾಮಕರಣ ಸದಸ್ಯರ ಪದ್ಧತಿ ಇಲ್ಲಿಂದ್ಲೇ ಬಂದಿದ್ದು) ಸಾಮಾನ್ಯವಾಗಿ ಸರ್ಕಾರನೇ ಗೆಲ್ಲುತ್ತೆ, ಆದ್ರೂ ಯಾರು ಬೇಡ ಅಂದ್ರು ಅನ್ನೋದು ಹೆಸರು ಸಮೇತ ದಾಖಲಾಗುತ್ತೆ. ಚಿಕ್ಕ ಸ್ಥಳೀಯ ವಿಷಯ ಆದ್ರೆ ಕಮೆನ್ಸ್‌ಮೆಂಟ್ ಮ್ಯಾಟರ್ ಅಂತ ಮೊದ್ಲೇ ಬರ್ದುಕೊಡಬಹುದು, ಅಧ್ಯಕ್ಷರು ಆರಿಸಿದ್ರೆ ಮಂತ್ರಿ ಬಂದು ಉತ್ತರ ಓದ್ತಾರೆ.

ಇದೆಲ್ಲ ಬರೀ ಮಾತು ಅನ್ನೋರಿಗೆ ಒಂದು ವಿಷಯ, 2013ರಲ್ಲಿ ಈ ಮನೇನೇ ಮುಚ್ಚೋಣ್ವಾ ಅಂತ ಜನಮತ ಕೇಳಿದ್ರು, 51.7% ಜನ ಬೇಡ ಅಂದ್ರು. ಆ ಜನ ಸರಿಯಾಗೇ ಮಾಡಿದ್ರು ಅಂತ ನನ್ನ ನಂಬಿಕೆ.

ಮತ್ತೆ, ಕೇಳಿದ ಚರ್ಚೆ ಸಿಕ್ಕಿದ್ರೂ ಹೆಚ್ಚಾಗಿ ಅದು "ಸ್ಟೇಟ್‌ಮೆಂಟ್ಸ್" ರೂಪದಲ್ಲೇ ಬರೋದು, ಕೊನೇಲಿ ವೋಟ್ ಇರಲ್ಲ. ಆದ್ರೆ ಮಂತ್ರಿ ಆಡಿದ ಮಾತು ದಾಖಲೆಗೆ ಹೋಗುತ್ತಲ್ಲ, ಮುಂದಿನ ಸಲ ಅದೇ ಸಾಲು ಓದಿ ಏನಾಯ್ತು ಅಂತ ಕೇಳಬಹುದು.