ಅಣ್ಣ ಖುಕ್ರಿಯಲ್ಲಿ ಇರಲಿಲ್ಲ, ಮೊಮ್ಮಗನಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 67 ವರ್ಷ. ಊರು ಮಲ್ಪೆ. ನನ್ನ ದೊಡ್ಡಣ್ಣ ನೌಕಾಪಡೆಯಲ್ಲಿ ಸಬ್ ಲೆಫ್ಟಿನೆಂಟ್ ಆಗಿದ್ದ. 1971ರ ಯುದ್ಧದ ಸಮಯದಲ್ಲಿ ತೀರಿಕೊಂಡ. ಆಗ ಅವನಿಗೆ 23. ಹಡಗಿನಲ್ಲಿದ್ದಾಗಲೇ ಕಾಮಾಲೆಯಾಗಿ ಮುಂಬಯಿಯ ಆಸ್ಪತ್ರೆಯಲ್ಲಿ ಹೋದ. ಟೆಲಿಗ್ರಾಂ ಬಂದಾಗ ಊರೆಲ್ಲ ಖುಕ್ರಿ ಹಡಗು ಮುಳುಗಿದ ಸುದ್ದಿಯೇ. ಜನ ಇವನೂ ಅದರಲ್ಲೇ ಇದ್ದ ಅಂದುಕೊಂಡರು. ಅಪ್ಪ ಅಲ್ಲ ಅನ್ನಲಿಲ್ಲ. ಅಮ್ಮ ಮಾತ್ರ ಕೊನೆಯವರೆಗೂ "ಊರಲ್ಲಿದ್ದಿದ್ದರೆ ನೆಲನೆಲ್ಲಿ ಅರೆದು ಕೊಡ್ತಿದ್ದೆ" ಅನ್ನುತ್ತಿದ್ದರು. ಅವನ ಟ್ರಂಕ್ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಬಿಳಿ ಸಮವಸ್ತ್ರ, ಕಾಗದಗಳು. ಕೊನೆಯ ಕಾಗದದಲ್ಲಿ "ಊಟ ಸೇರುವುದಿಲ್ಲ, ಮಿಡಿ ಉಪ್ಪಿನಕಾಯಿ ಕಳಿಸಿ" ಅಂತ ಬರೆದಿದ್ದ. ಈಗ ಎಂಟನೇ ಕ್ಲಾಸಿನ ಮೊಮ್ಮಗ ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಶಾಲೆಯಲ್ಲಿ "ನಮ್ಮ ಅಜ್ಜ ಖುಕ್ರಿಯಲ್ಲಿ ಹುತಾತ್ಮರಾದರು" ಅಂತ ಭಾಷಣ ಮಾಡಲು ಹೊರಟಿದ್ದಾನೆ. ನಿಜ ಹೇಳೋಣ ಅಂದರೆ ನನ್ನ ತಮ್ಮ, "ಅಪ್ಪನ ಮರ್ಯಾದೆ ಏನಾಗಬೇಕು? ಕಾಯಿಲೆ ಬಂದು ಸತ್ತ ಅಂತ ಹೇಳಿಕೊಳ್ಳುವುದಾ?" ಅಂತ ಸಿಟ್ಟಾಗುತ್ತಾನೆ. ಏನು ಮಾಡಲಿ?

ಅಕ್ಕಾ, ನಿಜ ಹೇಳಿ. ಡಿಸೆಂಬರ್ 4 ಬರುವ ಮೊದಲೇ ಹೇಳಿ.

ಖುಕ್ರಿ ಮುಳುಗಿದ್ದು 1971ರ ಡಿಸೆಂಬರ್ 9ರ ರಾತ್ರಿ, ದಿಯು ಕರಾವಳಿಯ ಆಚೆ. ಪಾಕಿಸ್ತಾನದ ಹ್ಯಾಂಗೋರ್ ಸಬ್‌ಮರೀನ್ ಬಿಟ್ಟ ಟಾರ್ಪೆಡೊ ಬಡಿದು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆ 194 ಮನೆಗಳಲ್ಲೂ ನಿಮ್ಮ ಹಾಗೇ ಯಾರೋ ಒಬ್ಬರು ಫೋಟೋಕ್ಕೆ ಹೂ ಇಟ್ಟಿರುತ್ತಾರೆ. ಅವರ ಸಾವನ್ನು ನಿಮ್ಮಣ್ಣನಿಗೆ ತೊಡಿಸುವುದು ಬೇಡ. ಮೊಮ್ಮಗ ಇವತ್ತಲ್ಲ ನಾಳೆ ಫೋನಿನಲ್ಲಿ ಹುಡುಕುತ್ತಾನೆ. ಖುಕ್ರಿಯವರ ಪಟ್ಟಿಯಲ್ಲಿ ಹೆಸರು ಸಿಗುವುದಿಲ್ಲ. ಆಗ ಅವನಿಗೆ ಅಜ್ಜ ನೌಕಾಪಡೆಯಲ್ಲಿ ಇದ್ದದ್ದೇ ಸುಳ್ಳೇನೋ ಅನ್ನಿಸಬಹುದು. ನನಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ.

ಅಪ್ಪನ ಮೇಲೆ ಸಿಟ್ಟು ಬೇಡ. ಮಗ ತೀರಿಕೊಂಡ ವಾರ ಕಡಲ ಬದಿಯಲ್ಲಿ ಎದುರಾದವರೆಲ್ಲ "ಖುಕ್ರಿಯಲ್ಲಿ ಇದ್ದನಂತಲ್ಲ" ಅಂದರೆ, ಪ್ರತಿ ಸಲ "ಅಲ್ಲ, ಕಾಮಾಲೆ" ಅಂತ ತಿದ್ದಲು ಯಾವ ತಂದೆಗೆ ಬಾಯಿ ಬರುತ್ತದೆ? ಅವರು ಸುಳ್ಳು ಕಟ್ಟಲಿಲ್ಲ, ಸುಮ್ಮನಿದ್ದರು. ಮೊಮ್ಮಗನಿಗೆ ಇದನ್ನೂ ಹೀಗೇ ಹೇಳಿ.

ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಕಾಯಿಲೆಯಿಂದ ಹೋದರೆ ಅದು ಯುದ್ಧದ ಸಾವಲ್ಲ ಅನ್ನುವುದು ಅವರ ಸಂಕಟ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎರಡು ಮಹಾಯುದ್ಧಗಳ ಸಮಯದಲ್ಲಿ ಸೇವೆಯಲ್ಲಿದ್ದಾಗ ಸತ್ತವರ ಹೆಸರು ಕಾಯುತ್ತದೆ. ಗುಂಡಿಗೆ ಹೋದವರೂ ಅದರಲ್ಲಿದ್ದಾರೆ, ಜ್ವರಕ್ಕೆ ಹೋದವರೂ ಇದ್ದಾರೆ. ಇಂಗ್ಲೆಂಡಿನ ಕವಿ ರೂಪರ್ಟ್ ಬ್ರೂಕ್ ಕೂಡ ಸಬ್ ಲೆಫ್ಟಿನೆಂಟ್ ಆಗಿದ್ದವನು. 1915ರ ಏಪ್ರಿಲ್‌ನಲ್ಲಿ ಗಲಿಪೊಲಿ ಯುದ್ಧಕ್ಕೆ ಹೊರಟವನು ಅಲ್ಲಿಗೆ ತಲುಪಲೇ ಇಲ್ಲ. ಸೊಳ್ಳೆ ಕಚ್ಚಿದ ಜಾಗ ನಂಜಾಗಿ, ಆಸ್ಪತ್ರೆ ಹಡಗಿನಲ್ಲಿ 27ನೇ ವಯಸ್ಸಿಗೆ ಸತ್ತ. ಗ್ರೀಸಿನ ಸ್ಕೈರೋಸ್ ದ್ವೀಪದ ಆಲಿವ್ ತೋಪಿನಲ್ಲಿ ಅವನನ್ನು ಮಣ್ಣು ಮಾಡಿದರು. ಅವನ ಹೆಸರೂ ಉಳಿದಿದೆ, ಸೊಳ್ಳೆಯ ವಿಷಯವೂ ಉಳಿದಿದೆ.

ನಮ್ಮ ಸೇನೆಯ ಲೆಕ್ಕದಲ್ಲಿ ಕಾಳಗದ ಸಾವು ಬೇರೆ, ಕಾಯಿಲೆಯ ಸಾವು ಬೇರೆ, ನಿಜ. ಹಾಗಾಗಿ ಹುತಾತ್ಮ ಅನ್ನುವ ಪದ ಬಿಟ್ಟುಬಿಡಿ. "1971ರ ಯುದ್ಧದ ಸಮಯದಲ್ಲಿ ಸೇವೆಯಲ್ಲಿದ್ದಾಗಲೇ ಕಾಮಾಲೆಯಿಂದ ತೀರಿಕೊಂಡರು" ಅಂದರೆ ಸಾಕಲ್ವಾ? ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ.

ಅಪ್ಪನ ಮರ್ಯಾದೆ ಅನ್ನುವ ತಮ್ಮನಿಗೆ ಅಮ್ಮನ ನೆಲನೆಲ್ಲಿಯ ಮಾತನ್ನು ನೆನಪಿಸಿ. ಊರಿಗೆ ಊರೇ ಖುಕ್ರಿಯ ಹುಡುಗನಿಗೆ ಅತ್ತಿತು. ಕಣ್ಣು ಹಳದಿಯಾಗಿ, ದೂರದ ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗನಿಗೆ ಬಾಯಿಬಿಟ್ಟು ಅತ್ತದ್ದು ಅವರೊಬ್ಬರೇ. ಐವತ್ತು ವರ್ಷದ ಮೇಲಾದರೂ ಅವರ ಜೊತೆ ಇನ್ನಿಬ್ಬರು ಕೂತು ಅಳಲಿ.

ಒಂದು ಭಾನುವಾರ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು ಟ್ರಂಕ್ ತೆರೆಯಿರಿ. ಸಮವಸ್ತ್ರದ ಭುಜದ ಪಟ್ಟಿ ಅಲ್ಲಿದ್ದರೆ, ಅದರ ಮೇಲೆ ಒಂದೇ ಒಂದು ಚಿನ್ನದ ಗೆರೆ ಇರುತ್ತದೆ. ಕೆಲಸಕ್ಕೆ ಸೇರಿ ಇನ್ನೂ ಜಾಸ್ತಿ ದಿನ ಆಗಿರಲಿಲ್ಲ ಅಂತ ಆ ಗೆರೆಯೇ ಹೇಳುತ್ತದೆ. ಆಮೇಲೆ ಆ ಕೊನೆಯ ಕಾಗದ ಓದಿಸಿ. ಊಟ ಸೇರದಿರುವುದು ಕಾಮಾಲೆಯ ಶುರುವಿನಲ್ಲೇ ಕಾಣುವ ಲಕ್ಷಣ. ಉಪ್ಪಿನಕಾಯಿ ಕೇಳುವಾಗಲೇ ಅವನ ಮೈಯಲ್ಲಿ ಕಾಯಿಲೆ ಇದ್ದಿರಬೇಕು, ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ಭಾಷಣಕ್ಕೆ ಏನು ಬರೆಯಬೇಕು ಅಂತ ಹುಡುಗನೇ ತೀರ್ಮಾನ ಮಾಡಲಿ.

ತಮ್ಮನನ್ನೂ ಅವತ್ತು ಕರೆಯಿರಿ. ಬರುವುದಿಲ್ಲ ಅಂದರೆ ಜಗಳ ಬೇಡ. ಅದೇ ಕಾಗದವನ್ನು ಮೊಮ್ಮಗನ ಕೈಯಲ್ಲಿ ಅವರ ಮನೆಗೆ ಕಳಿಸಿ.