ಬಿಳಿ ಇಲಿ ಮರಿ ಹಾಕಿದೆ

ಪ್ರಶ್ನೆ: ಸಾಕಿದ ಬಿಳಿ ಇಲಿ ನಿನ್ನೆ ರಾತ್ರಿ ಎಂಟು ಮರಿ ಹಾಕಿದೆ. ಗಂಡೂ ಅದೇ ಗೂಡಿನಲ್ಲಿದೆ. ತಾಯಿ ಮರಿಗಳನ್ನೇ ತಿನ್ನುತ್ತದಂತೆ, ಹೌದೇ?
– ಓದುಗರು, ಮೂಡಿಗೆರೆ

ಉತ್ತರ: ಮೊದಲು ಗಂಡನ್ನು ಈಗಲೇ ಬೇರೆ ಮಾಡಿ. ಹೆತ್ತ 24 ಗಂಟೆಯೊಳಗೇ ತಾಯಿ ಮತ್ತೆ ಗಬ್ಬವಾಗಬಹುದು. ಹಾಲೂಡುತ್ತಲೇ ಮತ್ತೊಂದು ಬಸಿರು ಹೊರುವುದು ಅದಕ್ಕೆ ಬಲು ಕಷ್ಟ.

ಮರಿ ತಿನ್ನುವುದುಂಟು. ಗಾಬರಿ, ನೀರಿನ ಕೊರತೆ, ಸತ್ತ ಅಥವಾ ಸೊರಗಿದ ಮರಿ ಇದಕ್ಕೆ ಕಾರಣ. ಆದ್ದರಿಂದ ಒಂದು ವಾರ ಗೂಡು ತೊಳೆಯಬೇಡಿ, ಮರಿ ಮುಟ್ಟಬೇಡಿ. ಸತ್ತದ್ದು ಕಂಡರೆ ಮಾತ್ರ ಚಮಚದಿಂದ ತೆಗೆಯಿರಿ. ಮರಿಯ ತೆಳು ಚರ್ಮದೊಳಗೆ ಹೊಟ್ಟೆ ಬೆಳ್ಳಗೆ ಕಂಡರೆ ಹಾಲು ಸಿಗುತ್ತಿದೆ.

ನಿಮ್ಮ ಕಡೆಯ ಮಳೆಗಾಲದ ಥಂಡಿಗೆ ವಾಸನೆಯಿಲ್ಲದ ಟಿಶ್ಯೂ ಹರಿದು ಹಾಕಿ. ಹತ್ತಿ ಬೇಡವೇ ಬೇಡ, ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ತಾಯಿಗೆ ದಿನದ ಆಹಾರದ ಜೊತೆ ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆ ಕೊಡಿ. ಸುಮಾರು 14ನೇ ದಿನಕ್ಕೆ ಮರಿಗಳು ಕಣ್ಣು ಬಿಡುತ್ತವೆ. 28ನೇ ದಿನಕ್ಕೆ ಗಂಡುಮರಿಗಳನ್ನು ಬೇರ್ಪಡಿಸಿ.